ಆರ್‌ಓ ಮೆಂಬ್ರೇನ್ ಪತ್ರೊಡೆಯ ಹಾಗೆ ಸುತ್ತಿರುವುದು ಯಾಕೆ?

ಕಳೆದ ವಾರ ಮನೆಯ ಆರ್‌ಓ (ರಿವರ್ಸ್ ಆಸ್ಮಾಸಿಸ್) ವಾಟರ್ ಫಿಲ್ಟರ್ ರಿಪೇರಿಗೆ ಬಂದ ಹುಡುಗ ಲೋಟದ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, "ಮೆಂಬ್ರೇನ್ ಹೋಗಿದೆ ಸಾರ್, ಬದಲಾಯಿಸಲೇಬೇಕು" ಎಂದ. ಬದಲಾಯಿಸಿ, ದುಡ್ಡು ತಗೊಂಡು ಹೊರಟ. ಹಳೆಯ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಸಿಂಕಿನ ಪಕ್ಕದಲ್ಲೇ ಉಳಿಯಿತು. ಒಂದಡಿ ಉದ್ದ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ ಬಿಳಿ ಉರುಳೆ. ಕಸಕ್ಕೆ ಹಾಕುವ ಮೊದಲು ಒಳಗೇನಿದೆ ನೋಡೋಣ ಅಂತ ಹೊರಗಿನ ಟೇಪನ್ನು ಚಾಕುವಿನಿಂದ ಸೀಳಿ, ನ್ಯೂಸ್‌ಪೇಪರ್ ಮೇಲೆ ಇಟ್ಟು ಬಿಚ್ಚಿದೆ.

ಬಿಚ್ಚಿದಷ್ಟೂ ಬರುತ್ತಲೇ ಇತ್ತು. ನಟ್ಟ ನಡುವೆ ತೂತುಗಳಿರುವ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ. ಅದಕ್ಕೆ ಅಂಟಿಕೊಂಡು ಹೊರಟ ಒಂದು ಉದ್ದನೆಯ ಲಕೋಟೆ. ಲಕೋಟೆಯ ಎರಡು ಹೊರಮೈ ಮೆಂಬ್ರೇನ್ ಹಾಳೆ, ಒಳಗೆ ತೆಳು ಬಟ್ಟೆ. ಲಕೋಟೆಯ ಜೊತೆಯಲ್ಲೇ ಸುತ್ತಿಕೊಂಡು ಬಂದ ಪ್ಲಾಸ್ಟಿಕ್ ಬಲೆ, ಸೊಳ್ಳೆ ಪರದೆಗಿಂತ ಸ್ವಲ್ಪ ಒರಟು. ಕೆಸುವಿನೆಲೆಗೆ ಹಿಟ್ಟು ಸವರಿ, ಇನ್ನೊಂದೆಲೆ ಇಟ್ಟು, ಮತ್ತೆ ಸವರಿ ಸುತ್ತಿದ ಪತ್ರೊಡೆಯೇ ಸೈ. ಅಡ್ಡಕ್ಕೆ ಕತ್ತರಿಸಿದರೂ ಪತ್ರೊಡೆಯ ಹೋಳಿನ ಹಾಗೇ ಸುರುಳಿ ಸುರುಳಿ.

ನೀರು ಸೋಸುವುದಕ್ಕೆ ಇಷ್ಟೆಲ್ಲ ಸುತ್ತುವುದು ಯಾಕೆ? ಒಂದು ಜರಡಿಯ ಹಾಗೆ ಚಪ್ಪಟೆ ಇಟ್ಟರೆ ಆಗುತ್ತಿರಲಿಲ್ಲವೇ? ಇದೇ ಕೆಲಸ ಮಾಡುವ ಪೊರೆಯನ್ನು ಡಯಾಲಿಸಿಸ್ ಯಂತ್ರದಲ್ಲಿ ಕೂದಲಿನಂಥ ಕೊಳವೆಗಳ ಕಟ್ಟು ಮಾಡಿ ಇಡುತ್ತಾರೆ. ನಮ್ಮ ರಕ್ತದ ಕೆಂಪುಕಣವಂತೂ ನಡುವೆ ಅದುಮಿದ ವಡೆಯ ಆಕಾರದಲ್ಲಿದೆ. ಪೊರೆಯ ಕೆಲಸ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಆಕಾರ ಮಾತ್ರ ಬೇರೆ ಬೇರೆ. ಕಾರಣ ಹುಡುಕುತ್ತಾ ಹೋದರೆ ಎಲ್ಲವೂ ಬಂದು ನಿಲ್ಲುವುದು ಒತ್ತಡದ ಹತ್ತಿರ.

## ಉಪ್ಪಿನಲ್ಲಿ ಬಾಡುವ ಮಿಡಿ

ನೀರನ್ನು ಬಿಟ್ಟು, ನೀರಿನಲ್ಲಿ ಕರಗಿದ ಉಪ್ಪು, ಸಕ್ಕರೆಯಂಥವನ್ನು ತಡೆಯುವ ತೆಳು ಪದರಕ್ಕೆ ಅರೆಪಾರಕ ಪೊರೆ ಅನ್ನುತ್ತಾರೆ. ಅರ್ಧ ಬಾಗಿಲು ತೆರೆದ ಪೊರೆ ಅಂದುಕೊಳ್ಳಿ.

ಇದರ ಕೆಲಸವನ್ನು ಮಲೆನಾಡಿನ ಯಾವ ಅಡುಗೆಮನೆಯಲ್ಲಾದರೂ ನೋಡಬಹುದು. ಅಪ್ಪೆಮಿಡಿಯನ್ನು ಭರಣಿಗೆ ತುಂಬಿ ಕಲ್ಲುಪ್ಪು ಹಾಕುತ್ತಾರೆ. ಒಂದು ಹನಿ ನೀರೂ ಸೇರಿಸುವುದಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮಿಡಿ ಸುಕ್ಕುಗಟ್ಟಿದೆ, ಭರಣಿಯಲ್ಲಿ ಉಪ್ಪುನೀರು ನಿಂತಿದೆ. ಆ ನೀರು ಮಿಡಿಯೊಳಗಿನದು. ಉಪ್ಪು ಕಡಿಮೆ ಇದ್ದ ಕಡೆಯಿಂದ ಜಾಸ್ತಿ ಇದ್ದ ಕಡೆಗೆ ಪೊರೆ ದಾಟಿ ನೀರು ಹೊರಟಿತು. ಶಾಲೆಯಲ್ಲಿ ಇದನ್ನು ಅಭಿಸರಣೆ (ಆಸ್ಮಾಸಿಸ್) ಅಂತ ಓದಿರುತ್ತೇವೆ. ಒಣದ್ರಾಕ್ಷಿ ನೆನೆಸಿದಾಗ ಉಬ್ಬುವುದು ಇದೇ ಆಟದ ಉಲ್ಟಾ.

1748ರಲ್ಲಿ ಫ್ರಾನ್ಸಿನ ಪಾದ್ರಿ ಜಾನ್ ಆಂಟ್ವಾನ್ ನೊಲೆ ಒಂದು ಪಾತ್ರೆಗೆ ಮದ್ಯಸಾರ ತುಂಬಿ, ಹಂದಿಯ ಮೂತ್ರಕೋಶದ ಚರ್ಮವನ್ನು ಬಾಯಿಗೆ ಕಟ್ಟಿ, ನೀರಿನಲ್ಲಿ ಮುಳುಗಿಸಿಟ್ಟ. ಕೆಲವು ಗಂಟೆ ಕಳೆದ ಮೇಲೆ ಚರ್ಮ ಗುಮ್ಮಟದ ಹಾಗೆ ಉಬ್ಬಿತ್ತು. ಸೂಜಿ ಚುಚ್ಚಿದರೆ ಕಾರಂಜಿ ಚಿಮ್ಮಿತು. ನೀರು ಸುಮ್ನೆ ಒಳಗೆ ಹೋಗಿ ಕೂತಿರಲಿಲ್ಲ, ನೂಕುತ್ತಾ ಹೋಗಿತ್ತು.

## ಎರಡು ಚಮಚ ಸಕ್ಕರೆಯ ಬಲ

ಹಾಗಾದರೆ ಎಷ್ಟು ಬಲದಿಂದ ನೂಕುತ್ತದೆ? ಇದನ್ನು ಸರಿಯಾಗಿ ಅಳೆದವನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್, 1877ರಲ್ಲಿ. ಅವನಿಗೆ ಒಂದು ತಲೆನೋವಿತ್ತು. ಒಳ್ಳೆಯ ಪೊರೆ ಬಲು ತೆಳು, ಒತ್ತಡ ಬಿದ್ದ ಕೂಡಲೇ ಹರಿಯುತ್ತದೆ. ಅದಕ್ಕೆ ಅವನು ಪೊರೆಯನ್ನು ಬಿಡಿಯಾಗಿ ಮಾಡಲೇ ಇಲ್ಲ. ಸುಟ್ಟ ಮಣ್ಣಿನ ಸಣ್ಣ ಕುಡಿಕೆಯ ಗೋಡೆಯೊಳಗೇ ಎರಡು ರಾಸಾಯನಿಕಗಳು ಸೇರಿ ಪೊರೆ ಹುಟ್ಟುವ ಹಾಗೆ ಮಾಡಿದ. ಒತ್ತಡವನ್ನು ಹೊರುವುದು ಮಣ್ಣಿನ ಗೋಡೆ, ಸೋಸುವುದು ಪೊರೆ. ಈ ಕುಡಿಕೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನೂರಕ್ಕೆ ಒಂದು ಭಾಗ ಸಕ್ಕರೆ ಇರುವ ನೀರನ್ನು ಆ ಕುಡಿಕೆಯಲ್ಲಿಟ್ಟು ಅಳೆದರೆ ಪಾದರಸ ಅರ್ಧ ಮೀಟರಿಗೂ ಮೇಲೆ ಏರಿತು. ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 7 ಮೀಟರ್. ಅಂದರೆ ಲೀಟರ್ ನೀರಿಗೆ ಎರಡು ಚಮಚ ಸಕ್ಕರೆ ಕದಡಿದರೆ, ಆ ನೀರು ಪೊರೆಯ ಆಚೆಯ ಬರೀ ನೀರನ್ನು ಎರಡಂತಸ್ತಿನ ಮನೆಯ ಎತ್ತರಕ್ಕೆ ಎತ್ತುವಷ್ಟು ಬಲದಿಂದ ಎಳೆದುಕೊಳ್ಳುತ್ತದೆ. ನಾನು ಮೊದಲ ಸಲ ಓದಿದಾಗ ಲೆಕ್ಕ ತಪ್ಪಿದೆಯೇನೋ ಅಂತ ಇನ್ನೊಮ್ಮೆ ಹಾಕಿ ನೋಡಿದ್ದೆ. ತಪ್ಪಿಲ್ಲ.

ಮುಂದಿನ ಮಾತಿಗೆ ಒಂದು ಅಳತೆ ಬೇಕು: ಬಾರ್. ಒಂದು ಬಾರ್ ಅಂದರೆ ಹತ್ತಿರಹತ್ತಿರ 10 ಮೀಟರ್ ಎತ್ತರದ ನೀರಿನ ಭಾರ. ಅಥವಾ ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಕೆಜಿ.

ಬೋರ್‌ವೆಲ್ ನೀರಿನ ಟಿಡಿಎಸ್ 1000 ಇದ್ದರೆ, ಅದರ ಈ ಎಳೆಯುವ ಒತ್ತಡ ಸುಮಾರು 0.7 ಬಾರ್. ಟಿಡಿಎಸ್ ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂಬ ಲೆಕ್ಕ. ಕುಡಿಯುವ ನೀರಿಗೆ 500ರ ಒಳಗಿರಲಿ, ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಕಡಲ ನೀರಿಗೆ ಬಂದರೆ ಈ ಎಳೆಯುವ ಒತ್ತಡ 25 ಬಾರ್ ದಾಟುತ್ತದೆ.

ಆರ್‌ಓ ಅಂದರೆ ಈ ಹರಿವನ್ನು ಹಿಂದಕ್ಕೆ ತಿರುಗಿಸುವುದು. ಉಪ್ಪುನೀರಿನ ಕಡೆಯಿಂದ ಅದರ ಎಳೆತಕ್ಕಿಂತ ಜಾಸ್ತಿ ಒತ್ತಡ ಹಾಕಿದರೆ ನೀರು ವಿರುದ್ಧ ದಿಕ್ಕಿಗೆ ಹೊರಡುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಮನೆಯ ಫಿಲ್ಟರಿನ ಬೂಸ್ಟರ್ ಪಂಪು 4ರಿಂದ 6 ಬಾರ್ ಕೊಡುತ್ತದೆ. ಚೆನ್ನೈ ಹತ್ತಿರದ ನೆಮ್ಮೇಲಿ ಘಟಕದಲ್ಲಿ, ನಮ್ಮ ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಕಟ್ಟಿರುವ ಘಟಕದಲ್ಲಿ ಸೋಸುವುದು ಕಡಲ ನೀರನ್ನು. ಕಡಲ ನೀರಿಗೆ ಸಾಮಾನ್ಯವಾಗಿ 55ರಿಂದ 70 ಬಾರ್ ಬೇಕು. 60 ಬಾರ್ ಅಂದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಸುಮಾರು ಎರಡು ಕ್ವಿಂಟಾಲ್ ಭಾರ.

ಅದನ್ನು ಹೊರಬೇಕಾದ ಪದರ ಎಷ್ಟು ದಪ್ಪ ಗೊತ್ತಾ? ಈಗಿನ ಮೆಂಬ್ರೇನಿನಲ್ಲಿ ನಿಜವಾಗಿ ಉಪ್ಪು ತಡೆಯುವ ಭಾಗದ ದಪ್ಪ 0.1ರಿಂದ 0.2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ತಲೆಕೂದಲಿನ ಐನೂರನೇ ಒಂದು ಪಾಲಿನ ಆಸುಪಾಸು.

## ಆಕಾರಕ್ಕೆ ಬಗ್ಗದ ಒಂದು ಸಂಗತಿ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪೊರೆಯನ್ನು ಚಪ್ಪಟೆ ಇಡಿ, ಗುಂಡಗೆ ಮಾಡಿ, ಸುತ್ತಿಡಿ: ಉಪ್ಪುನೀರಿನ ಎಳೆಯುವ ಒತ್ತಡ ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ನೀರಿನಲ್ಲಿ ಎಷ್ಟು ಲವಣ ಕರಗಿದೆ, ನೀರು ಎಷ್ಟು ಬಿಸಿ ಇದೆ ಎಂಬ ಎರಡೇ ವಿಷಯ. ಫೆಫರನ ಅಳತೆಗಳನ್ನು ಇಟ್ಟುಕೊಂಡು ಈ ಲೆಕ್ಕ ಬಿಡಿಸಿದವನು ಯಾಕೊಬಸ್ ವಾಂಟ್ ಹಾಫ್. 1901ರಲ್ಲಿ ರಸಾಯನ ವಿಜ್ಞಾನದ ಮೊಟ್ಟಮೊದಲ ನೊಬೆಲ್ ಅವನಿಗೇ ಬಂತು. ಅವನ ಲೆಕ್ಕದಲ್ಲಿ ಪೊರೆಯ ಆಕಾರಕ್ಕೆ ಜಾಗವೇ ಇಲ್ಲ.

ಆಕಾರ ಕೈಹಾಕುವುದು ಬೇರೆ ಕಡೆ. ಆ ಒತ್ತಡ ಬಿದ್ದಾಗ ಪೊರೆ ಹರಿಯುತ್ತದೋ ತಡೆಯುತ್ತದೋ, ಒತ್ತಡ ಪೊರೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇರುತ್ತದೋ ಕುಸಿಯುತ್ತದೋ, ಪೊರೆಯ ಮೈಗೆ ಅಂಟಿದ ನೀರಿನಲ್ಲಿ ಉಪ್ಪು ಎಷ್ಟು ದಟ್ಟವಾಗುತ್ತದೆ, ಇವೆಲ್ಲ ಆಕಾರದ ಕೈಯಲ್ಲಿವೆ.

## ಒದ್ದೆ ಕಂಬಳಿ ಮತ್ತು ಹಗ್ಗ

ಮೊದಲು ಹರಿಯುವ ವಿಷಯ. ಹಿತ್ತಲಲ್ಲಿ ಬಟ್ಟೆ ಒಣಗಿಸಲು ಎರಡು ಕಂಬಕ್ಕೆ ಹಗ್ಗ ಕಟ್ಟಿದ್ದೀರಿ. ಒಂಚೂರೂ ಜೋಲದ ಹಾಗೆ ಬಿಗಿದು ಕಟ್ಟಿ ಅದರ ಮೇಲೆ ಒದ್ದೆ ಕಂಬಳಿ ಹಾಕಿದರೆ ಹಗ್ಗ ಪಟ್ಟಂತ ಹೋಗುತ್ತದೆ, ಇಲ್ಲಾ ಕಂಬ ವಾಲುತ್ತದೆ. ಸ್ವಲ್ಪ ಜೋಲು ಬಿಟ್ಟು ಕಟ್ಟಿದರೆ ಅದೇ ಹಗ್ಗ ಅದೇ ಕಂಬಳಿಯನ್ನು ಆರಾಮವಾಗಿ ಹೊರುತ್ತದೆ. ಕಂಬಳಿಯ ಭಾರ ಬದಲಾಗಿಲ್ಲ. ಹಗ್ಗ ಬಾಗಿದಷ್ಟೂ ಅದರೊಳಗಿನ ಎಳೆತ ಕಡಿಮೆ.

ಪೊರೆಯೂ ಹೀಗೇ. ಒಳಗಿನ ಒತ್ತಡವೇ ಕಂಬಳಿ, ಪೊರೆಯೇ ಹಗ್ಗ. ಕೊಳವೆಯಾಕಾರದ ಪೊರೆಗೆ ಲೆಕ್ಕ ಬಲು ಸುಲಭ: ಪೊರೆಯ ಮೇಲಿನ ಎಳೆತ ಅಂದರೆ ಒತ್ತಡವನ್ನು ಕೊಳವೆಯ ತ್ರಿಜ್ಯದಿಂದ ಗುಣಿಸಿದ್ದು. ಕೊಳವೆ ಸಣ್ಣದಾದಷ್ಟೂ ಬಾಗು ಜಾಸ್ತಿ, ಎಳೆತ ಕಡಿಮೆ. ಗೋಳವಾದರೆ ಎಳೆತ ಅದರಲ್ಲೂ ಅರ್ಧ, ಯಾಕೆಂದರೆ ಗೋಳ ಎರಡು ದಿಕ್ಕಿಗೂ ಬಾಗಿರುತ್ತದೆ. ಅಡುಗೆ ಗ್ಯಾಸ್ ಸಿಲಿಂಡರಿನ ತಲೆ, ತಳ ಎರಡನ್ನೂ ಗುಮ್ಮಟದ ಹಾಗೆ ಮಾಡಿರುವುದನ್ನು ನೋಡಿದ್ದೀರಲ್ಲ? 19ನೇ ಶತಮಾನದ ಆರಂಭದಲ್ಲಿ ಇದನ್ನು ಬಿಡಿಸಿದ ಫ್ರೆಂಚ್ ಗಣಿತಜ್ಞನ ಹೆಸರಿನಲ್ಲಿ ಇದಕ್ಕೆ ಲಾಪ್ಲಾಸ್ ನಿಯಮ ಎನ್ನುತ್ತಾರೆ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಉದ್ದನೆಯ ಬಲೂನ್ ತಂದು ಅರ್ಧ ಊದಿ ನೋಡಿ. ಒಂದು ಕಡೆ ದಪ್ಪಗೆ ಉಬ್ಬಿರುತ್ತದೆ, ಬಾಲ ಸಣ್ಣಗೆ ಉಳಿದಿರುತ್ತದೆ. ಒಳಗಿನ ಗಾಳಿಯ ಒತ್ತಡ ಎರಡೂ ಕಡೆ ಒಂದೇ, ಗಾಳಿ ಆ ಕಡೆ ಈ ಕಡೆ ಓಡಾಡಿಕೊಂಡೇ ಇದೆ. ಆದರೂ ಉಬ್ಬಿದ ಕಡೆ ಒತ್ತಿದರೆ ಬಿಗಿ, ಬಾಲ ಹಿಡಿದರೆ ಮೆತ್ತಗೆ.

ನಮ್ಮ ಮೈಯಲ್ಲೂ ಇದೇ ಲೆಕ್ಕ. ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ಒತ್ತಡ ಸರಾಸರಿ 100 ಮಿಲಿಮೀಟರ್ ಪಾದರಸ, ತ್ರಿಜ್ಯ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಕೊನೆಯಲ್ಲಿ ಬರುವ ಅತಿ ಸಣ್ಣ ರಕ್ತನಾಳ, ಅಂದರೆ ಲೋಮನಾಳದಲ್ಲಿ ಒತ್ತಡ ಸುಮಾರು 25, ತ್ರಿಜ್ಯ 4 ಮೈಕ್ರಾನ್. ಒತ್ತಡ ಇಳಿದದ್ದು ನಾಲ್ಕನೇ ಒಂದಕ್ಕೆ. ಎಳೆತ ಇಳಿದದ್ದು ಹತ್ತು ಸಾವಿರದಲ್ಲಿ ಒಂದಕ್ಕೆ. ಅದಕ್ಕೇ ಮಹಾಪಧಮನಿಗೆ ರಬ್ಬರಿನಂಥ ದಪ್ಪ ಗೋಡೆ ಬೇಕು, ಲೋಮನಾಳಕ್ಕೆ ಒಂದೇ ಜೀವಕೋಶದ ಗೋಡೆ ಸಾಕು. ಗೋಡೆ ಅಷ್ಟು ತೆಳು ಇರುವುದರಿಂದಲೇ ಆಮ್ಲಜನಕ, ನೀರು ಅಲ್ಲಿಂದ ಸಲೀಸಾಗಿ ಆಚೆ ದಾಟುತ್ತವೆ.

## ಅದುಮಿದ ವಡೆಯ ಗುಟ್ಟು

ಕೆಂಪು ರಕ್ತಕಣ ಇನ್ನೊಂದು ಉಪಾಯ ಹೂಡಿದೆ. ಅದರ ಪೊರೆ ಆಕಾರ ಹೇಗೆ ಬೇಕಾದರೂ ಬದಲಾಯಿಸುತ್ತದೆ, ಮಡಚುತ್ತದೆ, ಸಂದಿಯಲ್ಲಿ ನುಸುಳುತ್ತದೆ. ಆದರೆ ಹಿಗ್ಗುವುದಿಲ್ಲ. ಮೇಲ್ಮೈ ನೂರಕ್ಕೆ ಮೂರ್ನಾಲ್ಕು ಪಾಲು ಹಿಗ್ಗಿದರೆ ಹರಿಯುತ್ತದೆ. ರಬ್ಬರ್ ಬಲೂನಿಗಿಂತ ಪ್ಲಾಸ್ಟಿಕ್ ಕವರಿಗೆ ಹತ್ತಿರ ಅನ್ನಿ.

ಈ ಕವರು ಪೂರ್ತಿ ತುಂಬಿಲ್ಲ. ಅದಕ್ಕೇ ನಡುವೆ ಎರಡೂ ಕಡೆ ಕುಳಿ. ಆ ಕಣದ ಮೇಲ್ಮೈ ಸುಮಾರು 135 ಚದರ ಮೈಕ್ರಾನ್, ಒಳಗಿನ ಗಾತ್ರ ಸುಮಾರು 90 ಘನ ಮೈಕ್ರಾನ್. ಅಷ್ಟೇ ಮೇಲ್ಮೈಯನ್ನು ಪೂರ್ತಿ ಗುಂಡಗೆ ಮಾಡಿದರೆ ಒಳಗೆ 147 ಹಿಡಿಸುತ್ತದೆ. ಅಂದರೆ ಈಗಿನ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸುತ್ತಲಿನ ರಕ್ತ ಸ್ವಲ್ಪ ತೆಳ್ಳಗಾಗಿ ನೀರು ಒಳಗೆ ನುಗ್ಗಿದರೂ ಕುಳಿ ತುಂಬಿಕೊಳ್ಳುತ್ತದೆ ಅಷ್ಟೆ, ಒತ್ತಡ ಏರುವುದಿಲ್ಲ. ಗುಂಡಗಾದ ಮೇಲೆ ಮಾತ್ರ ಕಷ್ಟ. ಆಮೇಲೆ ಬರುವ ಪ್ರತಿ ಹನಿಯೂ ಪೊರೆಯನ್ನು ಹಿಗ್ಗಿಸಲೇಬೇಕು, ಪೊರೆ ಹಿಗ್ಗುವುದಿಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬರೀ ನೀರು ಹಾಕದೆ 0.9 ಪರ್ಸೆಂಟ್ ಉಪ್ಪಿನ ಸಲೈನ್ ಹಾಕುವುದು ಇದೇ ಕಾರಣಕ್ಕೆ. ಬರೀ ನೀರಿನಲ್ಲಿ ಬಿದ್ದ ರಕ್ತಕಣದ ಒಳಹೊರಗಿನ ವ್ಯತ್ಯಾಸ 7 ಬಾರ್ ಮುಟ್ಟುತ್ತದೆ. ಮನೆಯ ಆರ್‌ಓ ಪಂಪಿಗಿಂತ ಜಾಸ್ತಿ. ಕಣ ಉಬ್ಬಿ, ಗುಂಡಗಾಗಿ, ಒಡೆಯುತ್ತದೆ.

## ಚಪ್ಪಟೆ ಹಾಳೆ ಬದುಕುವುದು ಹೇಗೆ?

ಈಗ ಆ ನ್ಯೂಸ್‌ಪೇಪರಿಗೆ ವಾಪಸ್ ಬರೋಣ. ಹಗ್ಗದ ಲೆಕ್ಕದ ಪ್ರಕಾರ ಚಪ್ಪಟೆ ಹಾಳೆ ಎಲ್ಲಕ್ಕಿಂತ ದಂಡ. ಬಾಗೇ ಇಲ್ಲ, ಎಳೆತಕ್ಕೆ ಮಿತಿಯೇ ಇಲ್ಲ. ಹಾಗಿದ್ದೂ ಲೋಕದ ಬಹುಪಾಲು ಆರ್‌ಓ ಇರುವುದು ಹಾಳೆಯಲ್ಲೇ.

ಇಲ್ಲಿ ಫೆಫರನ ಕುಡಿಕೆ ನೆನಪಿಗೆ ಬರಬೇಕು. ಬಾಗಲು ಆಗದಿದ್ದರೆ ಬೆನ್ನಿಗೆ ಆಸರೆ ಬೇಕು. ಸುಮಾರು 1960ರ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಒಂದು ಮೆಂಬ್ರೇನ್ ಮಾಡಿದರು. ಮೇಲೆ ಬಲು ತೆಳುವಾದ ಬಿಗಿ ಚರ್ಮ, ಅದರ ಕೆಳಗೆ ಸ್ಪಂಜಿನಂಥ ದಪ್ಪ ಭಾಗ, ಎರಡೂ ಒಂದೇ ಹಾಳೆಯಲ್ಲಿ. ಚರ್ಮ ತೆಳುವಾದ್ದರಿಂದ ನೀರು ಬೇಗ ದಾಟುತ್ತದೆ, ಸ್ಪಂಜಿನ ಆಸರೆ ಇರುವುದರಿಂದ ಹರಿಯುವುದಿಲ್ಲ. ಅಲ್ಲಿಯವರೆಗೆ ಪ್ರಯೋಗಶಾಲೆಯ ಆಟವಾಗಿದ್ದ ಆರ್‌ಓ ಊರಿಗೆ ಬಂದದ್ದು ಇದರಿಂದ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಎಂಬ ಊರಿನಲ್ಲಿ ಮೊದಲ ಘಟಕ ಶುರುವಾಯಿತು. ಅದಕ್ಕೂ ಮುಂಚೆ ಆ ಊರಿನವರಿಗೆ ಕುಡಿಯುವ ನೀರು ರೈಲಿನಲ್ಲಿ ಬಂದದ್ದೂ ಉಂಟು.

ಕೊಲಿಂಗಾದಲ್ಲಿ ಬಳಸಿದ್ದು ಕೊಳವೆಯಾಕಾರದ ಮೆಂಬ್ರೇನ್. ಗಟ್ಟಿ ಕೊಳವೆಯ ಒಳಮೈಗೆ ಪೊರೆ, ನೀರು ಒಳಗಿನಿಂದ ಹೊರಗೆ. ಒತ್ತಡಕ್ಕೆ ಒಳ್ಳೆಯದು, ತೊಳೆಯಲೂ ಸುಲಭ. ತೊಂದರೆ ಒಂದೇ, ಜಾಗ ತಿನ್ನುತ್ತದೆ. ಎಷ್ಟು ಕೊಳವೆ ಪೇರಿಸಿದರೂ ಪೊರೆಯ ಮೇಲ್ಮೈ ಸಾಲದು.

ಸುರುಳಿ ಹುಟ್ಟಿದ್ದು ಈ ಕೊರತೆಯಿಂದ. ನಾನು ಬಿಚ್ಚಿದ ಮೆಂಬ್ರೇನಿನಲ್ಲಿ ಎರಡೂ ಮಗ್ಗುಲು ಸೇರಿಸಿದರೆ ಅರ್ಧ ಚದರ ಮೀಟರಿಗೆ ಸ್ವಲ್ಪ ಕಮ್ಮಿ ಹಾಳೆ ಇರುತ್ತದೆ. ಅಷ್ಟೇ ದಪ್ಪದ ಉರುಳೆಯ ಹೊರಮೈಗೆ ಮಾತ್ರ ಹಾಳೆ ಸುತ್ತಿದ್ದರೆ ಇದರ ಹತ್ತನೇ ಒಂದು ಪಾಲೂ ಹಿಡಿಸುತ್ತಿರಲಿಲ್ಲ.

ಒತ್ತಡದ ಲೆಕ್ಕ ಇಲ್ಲಿ ಚೆಂದವಿದೆ. ಬಲೆ ಇರುವ ಸಂದಿಯಲ್ಲಿ ಒತ್ತಡದ ನೀರು ಓಡುತ್ತದೆ. ಅದು ಲಕೋಟೆಯನ್ನು ಎರಡೂ ಕಡೆಯಿಂದ ಅಮುಕುತ್ತದೆ. ಲಕೋಟೆಯೊಳಗೆ ತೆಳು ಬಟ್ಟೆ ಇದೆಯಲ್ಲ, ಎರಡೂ ಹಾಳೆ ಅದಕ್ಕೆ ಒತ್ತಿಕೊಂಡು ಕೂರುತ್ತವೆ. ಹಾಳೆಯನ್ನು ಯಾರೂ ಎಳೆಯುತ್ತಿಲ್ಲ, ಅದುಮುತ್ತಿದ್ದಾರೆ ಅಷ್ಟೆ. ಪೊರೆ ದಾಟಿದ ನೀರು ಬಟ್ಟೆಯ ಸಂದಿಯಲ್ಲೇ ಸುತ್ತುತ್ತಾ ಸುತ್ತುತ್ತಾ ನಡುವಿನ ತೂತಿನ ಕೊಳವೆಗೆ ಬಂದು ನಮ್ಮ ಲೋಟಕ್ಕೆ ಇಳಿಯುತ್ತದೆ. ಹಾಗಾಗಿ ಸುತ್ತಿದ್ದು ಗಟ್ಟಿ ಮಾಡಲಿಕ್ಕಲ್ಲ, ಜಾಗ ಉಳಿಸಲಿಕ್ಕೆ. ಗಟ್ಟಿತನ ಬಂದದ್ದು ಆ ಬಟ್ಟೆಯಿಂದ, ಹಾಳೆಯ ಬೆನ್ನಿಗೆ ಅಂಟಿಸಿದ ದಪ್ಪ ಪದರದಿಂದ. ಬಿಚ್ಚುವಾಗ ನಾನು ಆ ಬಟ್ಟೆಯನ್ನು ಸುಮ್ನೆ ಪ್ಯಾಕಿಂಗ್ ಅಂದುಕೊಂಡಿದ್ದೆ!

ಸುರುಳಿಗೂ ಒಂದು ದೌರ್ಬಲ್ಯ ಇದೆ. ಬಲೆಯ ಸಂದಿ ಕೊಳೆಯಿಂದ ಕಟ್ಟಿಕೊಂಡರೆ, ನೀರು ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒತ್ತಡ ಜಾಸ್ತಿ ಕುಸಿಯುತ್ತದೆ. ಮುಂದಿನ ತುದಿಯಲ್ಲಿ ನೂಕು, ಹಿಂದಿನ ತುದಿಯಲ್ಲಿ ಖಾಲಿ. ಆಗ ಇಡೀ ಸುರುಳಿಯ ನಡುಭಾಗ ಹಿಂದಕ್ಕೆ ಜಾರಿ ದುರ್ಬೀನಿನ ಕೊಳವೆಯ ಹಾಗೆ ಹೊರಗೆ ಚಾಚುತ್ತದೆ. ದೊಡ್ಡ ಘಟಕಗಳಲ್ಲಿ ಇದನ್ನು ತಡೆಯಲು ಸುರುಳಿಯ ತುದಿಗೆ ಚಕ್ರದಂಥ ಗಟ್ಟಿ ಮುಚ್ಚಳ ಹಾಕಿರುತ್ತಾರೆ.

## ಹತ್ತು ಸಾವಿರ ಕೂದಲು

ಡಯಾಲಿಸಿಸ್‌ಗೆ ಸುರುಳಿ ಯಾಕೆ ಬಳಸುವುದಿಲ್ಲ? ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ.

ಮೂತ್ರಪಿಂಡ ಸೋತವರ ರಕ್ತವನ್ನು ಪೊರೆಯ ಒಂದು ಕಡೆ ಹರಿಸಿ, ಇನ್ನೊಂದು ಕಡೆ ಲವಣದ ನೀರು ಹರಿಸುತ್ತಾರೆ. ಕಲ್ಮಶ ಪೊರೆ ದಾಟಿ ಹೋಗುತ್ತದೆ. ಜೊತೆಗೆ ಮೈಯಲ್ಲಿ ನಿಂತ ನೀರನ್ನು ಒತ್ತಡದ ವ್ಯತ್ಯಾಸದಿಂದ ತೆಗೆಯಬೇಕು. ಡಯಾಲಿಸಿಸ್ ವಾರ್ಡಿನಲ್ಲಿ "ಇವತ್ತು ಯುಎಫ್ ಎರಡು ಲೀಟರ್" ಅನ್ನುವುದು ಇದನ್ನೇ. ಯಂತ್ರದ ಪರದೆಯ ಮೇಲೆ ಕಾಣುವ ಟಿಎಂಪಿ ಅಂದರೆ ಪೊರೆಯ ಈ ಕಡೆಗೂ ಆ ಕಡೆಗೂ ಇರುವ ಒತ್ತಡದ ವ್ಯತ್ಯಾಸ.

1943ರಲ್ಲಿ ಜರ್ಮನ್ನರ ವಶದಲ್ಲಿದ್ದ ನೆದರ್ಲೆಂಡ್ಸಿನ ಕಾಂಪೆನ್ ಊರಿನಲ್ಲಿ ವೈದ್ಯ ವಿಲೆಮ್ ಕೋಲ್ಫ್ ಮೊದಲ ಯಂತ್ರ ಮಾಡಿದಾಗ ಬಳಸಿದ್ದು ಮಾಂಸದ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆ. ಅದನ್ನು ಮರದ ಪೀಪಾಯಿಗೆ ಸುತ್ತಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಿದ್ದ. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಇದರಿಂದ ಬದುಕಿದರು. ಆದರೆ ಮೆತ್ತನೆಯ ಅಗಲ ಕೊಳವೆಯಲ್ಲಿ ಒತ್ತಡ ಏರಿಸಿದರೆ ಅದು ಉಬ್ಬುತ್ತದೆ, ಉಬ್ಬಿದರೆ ರೋಗಿಯ ಇನ್ನಷ್ಟು ರಕ್ತ ಅದರೊಳಗೆ ಹೋಗಿ ಕೂರುತ್ತದೆ.

ಈಗಿನ ಡಯಲೈಸರ್ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸುಮಾರು ಹತ್ತು ಸಾವಿರ ಟೊಳ್ಳು ನಾರು. ಪ್ರತಿಯೊಂದರ ಒಳವ್ಯಾಸ ಸುಮಾರು 200 ಮೈಕ್ರಾನ್. ಉದ್ದ 25 ಸೆಂಟಿಮೀಟರ್ ಅಂತ ಹಿಡಿಯಿರಿ. ಲೆಕ್ಕ ಹಾಕಿದರೆ ಪೊರೆಯ ಮೇಲ್ಮೈ ಒಂದೂವರೆ ಚದರ ಮೀಟರ್, ಅದರೊಳಗೆ ಹಿಡಿಸುವ ರಕ್ತ 80 ಮಿಲಿಲೀಟರ್. ಅರ್ಧ ಲೋಟಕ್ಕಿಂತ ಕಡಿಮೆ. ಅಷ್ಟೇ ಮೇಲ್ಮೈಯನ್ನು 25 ಸೆಂಟಿಮೀಟರ್ ಉದ್ದದ ಒಂದೇ ಕೊಳವೆಯಲ್ಲಿ ಪಡೆಯಬೇಕಾದರೆ ಅದರ ಅಗಲ ಎರಡು ಮೀಟರ್ ಆಗಬೇಕು, ತುಂಬಲು 785 ಲೀಟರ್ ರಕ್ತ ಬೇಕು. ಮನುಷ್ಯನ ಮೈಯಲ್ಲಿರುವುದು 5 ಲೀಟರ್!

ನಾರು ಸಣ್ಣದಾದ್ದರಿಂದ ಎಳೆತವೂ ಕಡಿಮೆ. ಹಾಗಾಗಿ ಬೆನ್ನಿಗೆ ಬಟ್ಟೆ, ಮಣ್ಣು ಯಾವುದೂ ಬೇಡ. ತನ್ನ ಗೋಡೆಯ ಬಲದಲ್ಲೇ ನಿಲ್ಲುತ್ತದೆ.

ಇಷ್ಟು ಒಳ್ಳೆಯದಾದರೆ ಇನ್ನೂ ಸಣ್ಣ ಮಾಡಬಹುದಲ್ಲ? ಅಲ್ಲೇ ಇರುವುದು ಕೊಕ್ಕೆ. ಕೊಳವೆಯ ಅಗಲ ಅರ್ಧ ಮಾಡಿದರೆ, ಅಷ್ಟೇ ದ್ರವವನ್ನು ಅದರಲ್ಲಿ ನೂಕಲು 16 ಪಟ್ಟು ಒತ್ತಡ ಬೇಕು. ಸಣ್ಣ ಸ್ಟ್ರಾದಲ್ಲಿ ಎಳನೀರು ಹೀರಿದವರಿಗೆ ಇದು ಗೊತ್ತು. 200 ಮೈಕ್ರಾನ್ ನಾರಿನಲ್ಲಿ ನಿಮಿಷಕ್ಕೆ 300 ಮಿಲಿಲೀಟರ್ ರಕ್ತ ಹರಿಸಿದರೆ ಈ ತುದಿಯಿಂದ ಆ ತುದಿಗೆ ಒತ್ತಡ 70–80 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ ಅನ್ನುತ್ತದೆ ಲೆಕ್ಕ. ನಾರುಗಳ ಸಂಖ್ಯೆ ಅಷ್ಟೇ ಇಟ್ಟು ಅಗಲ ಅರ್ಧ ಮಾಡಿದರೆ ಅದು ಸಾವಿರ ದಾಟುತ್ತದೆ. ರಕ್ತಕ್ಕೆ ಅಂಥ ಒತ್ತಡ ಹಾಕುವ ಮಾತೇ ಇಲ್ಲ.

ಒತ್ತಡ ಹೀಗೆ ಉದ್ದಕ್ಕೂ ಇಳಿಯುವುದರಿಂದ ಇನ್ನೊಂದು ವಿಚಿತ್ರ ಆಗುತ್ತದೆ. ಲವಣದ ನೀರು ರಕ್ತಕ್ಕೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ರಕ್ತ ಒಳಬರುವ ತುದಿಯಲ್ಲಿ ರಕ್ತದ ಒತ್ತಡ ಜಾಸ್ತಿ, ನೀರು ಆಚೆ ಹೋಗುತ್ತದೆ. ರಕ್ತ ಹೊರಹೋಗುವ ತುದಿಯಲ್ಲಿ ಲವಣದ ನೀರಿನ ಒತ್ತಡವೇ ಮೇಲಾಗಿ, ಸ್ವಲ್ಪ ನೀರು ರಕ್ತದೊಳಕ್ಕೇ ಬರಬಹುದು. ನೀರನ್ನು ಸಲೀಸಾಗಿ ಬಿಡುವ ಈಗಿನ ಪೊರೆಗಳಲ್ಲಿ ಇದು ಸಾಮಾನ್ಯ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ 120 ಲೀಟರ್ ನೀರು ಬೇಕು. ಅದನ್ನು ಆರ್‌ಓ ಮಾಡಿಯೇ ಬಳಸಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

## ಚರಂಡಿಗೆ ಹೋಗುವ ನೀರು

ನಮ್ಮ ಮನೆಯಲ್ಲಿ ಅಮ್ಮನ ದೂರು ಯಾವಾಗಲೂ ಒಂದೇ. "ಒಂದು ಚೊಂಬು ನೀರಿಗೆ ಎರಡು ಮೂರು ಚೊಂಬು ಚೆಲ್ಲುತ್ತಲ್ಲೋ, ಇದೆಂಥ ಮಿಷಿನ್ನು?" ಅದಕ್ಕೂ ಉತ್ತರ ಒತ್ತಡದಲ್ಲೇ ಇದೆ.

ಟಿಡಿಎಸ್ 1000 ಇರುವ ನಾಲ್ಕು ಲೀಟರ್ ನೀರಿನಿಂದ ಒಂದು ಲೀಟರ್ ಒಳ್ಳೆ ನೀರು ತೆಗೆದರೆ, ಉಳಿದ ಮೂರು ಲೀಟರಿನಲ್ಲಿ ಎಲ್ಲ ಉಪ್ಪೂ ಸೇರಿ ಟಿಡಿಎಸ್ 1300ರ ಆಚೆ ಹೋಗುತ್ತದೆ. ಮೂರು ಲೀಟರ್ ತೆಗೆದರೆ ಉಳಿದ ಒಂದರಲ್ಲಿ 4000. ಹತ್ತರಲ್ಲಿ ಒಂಬತ್ತು ಲೀಟರ್ ತೆಗೆಯುತ್ತೇನೆ ಅಂತ ಹೊರಟರೆ ಕೊನೆಗೆ ಉಳಿಯುವ ನೀರು 10,000. ಅದರ ಎಳೆಯುವ ಒತ್ತಡ 7 ಬಾರ್. ಮನೆಯ ಪಂಪು ಕೊಡುವುದೇ 4ರಿಂದ 6. ಅಲ್ಲಿಗೆ ಆಟ ಮುಗಿಯಿತು, ನೀರು ದಾಟುವುದೇ ಇಲ್ಲ.

ನಿಜದಲ್ಲಿ ಅದಕ್ಕಿಂತ ಮುಂಚೆಯೇ ತೊಂದರೆ ಶುರುವಾಗುತ್ತದೆ. ನೀರು ಪೊರೆ ದಾಟಿದಾಗ ಅದರ ಉಪ್ಪು ಪೊರೆಯ ಮೈಗೇ ಉಳಿಯುತ್ತದೆ. ಸಂತೆಯ ಗೇಟಿನಲ್ಲಿ ಜನ ಒಬ್ಬೊಬ್ಬರಾಗಿ ದಾಟುವಾಗ ಗಂಟು ಮೂಟೆಯನ್ನೆಲ್ಲ ಬಾಗಿಲಲ್ಲೇ ಬಿಟ್ಟು ಹೋದ ಹಾಗೆ. ಸಂದಿಯ ನಡುವೆ ನೀರು 1000 ಇದ್ದರೂ ಪೊರೆಗೆ ಅಂಟಿದ ತೆಳು ಪದರದಲ್ಲಿ ಅದಕ್ಕಿಂತ ಜಾಸ್ತಿ. ಪೊರೆಗೆ ಲೆಕ್ಕ ಆ ಪದರದ್ದೇ. ಬೋರ್‌ವೆಲ್ ನೀರಿನ ಸುಣ್ಣ ಅಲ್ಲಿಯೇ ಗಟ್ಟಿಯಾಗಿ ಕೂರುವುದು.

ಪತ್ರೊಡೆಯ ಆ ಬಲೆ ಇರುವುದು ಇದಕ್ಕೇ. ಸಂದಿಯ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಅಷ್ಟರಲ್ಲಿ ಅಡ್ಡಡ್ಡ ಎಳೆಗಳು ನೀರನ್ನು ಮೇಲೆ ಕೆಳಗೆ ತಿರುವಿ ಆ ಪದರವನ್ನು ಕದಡುತ್ತವೆ. ಹರಿಯುವ ನೀರು ಕಡಿಮೆಯಾದರೆ ಕದಡುವುದೂ ಕಡಿಮೆ. ನಾನು ಬಿಚ್ಚಿದ ಹಾಳೆಯ ಮೇಲೆ ಬಲೆಯ ಅಚ್ಚು ಹಾಗೇ ಮೂಡಿತ್ತು, ಡೈಮಂಡ್ ಡೈಮಂಡ್ ಆಕಾರದಲ್ಲಿ. ಡೈಮಂಡಿನ ನಡುಭಾಗ ಸ್ವಚ್ಛ. ಎರಡು ಎಳೆ ಸೇರುವ ಮೂಲೆಯಲ್ಲಿ, ನೀರು ಸುಳಿಯದೆ ನಿಲ್ಲುವ ಕಡೆ, ಕಂದು ಕೊಳೆ. ಬೆರಳಿನಿಂದ ಉಜ್ಜಿದರೆ ಮರಳಿನ ಹಾಗೆ ತರಿತರಿ.

ವೇಸ್ಟ್ ನೀರಿನ ಪೈಪಿನಲ್ಲಿ ಹೆಬ್ಬೆರಳಿಗಿಂತ ಸಣ್ಣ ಒಂದು ತುಂಡು ಇರುತ್ತದೆ. ಮೆಕ್ಯಾನಿಕ್‌ಗಳು ಎಫ್‌ಆರ್ ಅನ್ನುತ್ತಾರೆ. ನೀರು ಹೊರಹೋಗುವ ದಾರಿಯನ್ನು ಕಿರಿದು ಮಾಡಿ ಒಳಗೆ ಒತ್ತಡ ನಿಲ್ಲಿಸುವುದು ಅದೇ. ಅದನ್ನು ತೆಗೆದರೆ ನೀರೆಲ್ಲ ಚರಂಡಿಗೆ ಓಡುತ್ತದೆ, ಪೊರೆ ದಾಟಲು ಒತ್ತಡವೇ ಇರುವುದಿಲ್ಲ. ತೀರಾ ಬಿಗಿ ಇರುವುದನ್ನು ಹಾಕಿದರೆ ವೇಸ್ಟ್ ಕಡಿಮೆಯಾಗುತ್ತದೆ, ಜೊತೆಗೆ ಮೂಲೆಗಳಲ್ಲಿ ಆ ತರಿತರಿ ಬೇಗ ಕೂರುತ್ತದೆ.

ಅಮ್ಮನಿಗೆ ಇದನ್ನೆಲ್ಲ ವಿವರಿಸಿ, ಹುಡುಗನಿಗೆ ಫೋನ್ ಮಾಡಿ, ಹೋದ ಸಲ ವೇಸ್ಟ್ ಕಡಿಮೆ ಬರಲಿ ಅಂತ ನಾನೇ ಹೇಳಿ ಹಾಕಿಸಿದ್ದ ಬಿಗಿ ಎಫ್‌ಆರ್ ಇನ್ನೂ ಹಾಗೇ ಇದೆಯಾ ಅಂತ ಕೇಳಿದೆ. "ಅದನ್ನ ಇವತ್ತೇ ಚೇಂಜ್ ಮಾಡ್ದೆ ಸಾರ್, ಅದ್ರಿಂದಾನೇ ಮೆಂಬ್ರೇನ್ ಹೋಗಿದ್ದು" ಎಂದ. ವೇಸ್ಟ್ ಪೈಪಿನ ಕೆಳಗೆ ಈಗ ಬಕೆಟ್ ಇಟ್ಟಿದ್ದೇವೆ. ನೆಲ ಒರೆಸಲು ಆಗುತ್ತದೆ.